ಐಫೋನ್ 13 ಕೈಯಲ್ಲಿದೆ, 17 ಅಂಗಡಿಯಲ್ಲಿದೆ: ಬದಲಿಸಬೇಕಾ?

ಪ್ರಶ್ನೆ: ಸರ್, 2022ರ ದಸರಾ ಸೇಲ್‌ನಲ್ಲಿ ಐಫೋನ್ 13 (128 ಜಿಬಿ) ತಗೊಂಡಿದ್ದೆ. ಈಗ ಬ್ಯಾಟರಿ ಹೆಲ್ತ್ 79% ತೋರಿಸ್ತಿದೆ, ಮಧ್ಯಾಹ್ನ ಮೂರು ಗಂಟೆಗೆಲ್ಲ ಚಾರ್ಜರ್ ಹುಡುಕಬೇಕು. ಸ್ಟೋರೇಜ್ ತುಂಬಿ 3 ಜಿಬಿ ಉಳಿದಿದೆ. ಎಂಟು ತಿಂಗಳ ಮಗಳಿದ್ದಾಳೆ, ದಿನಾ ಫೋಟೊ, ವಿಡಿಯೊ. ಕ್ಯಾಮೆರಾ ತೆರೆಯೋ ಹೊತ್ತಿಗೆ ಅವಳು ನಗೋದು ನಿಲ್ಲಿಸಿರ್ತಾಳೆ. ಐಫೋನ್ 17 ತಗೊಂಡ್ರೆ ಹಳೇದಕ್ಕೆ 20,000 ಕೊಡ್ತೀವಿ, ಉಳಿದಿದ್ದಕ್ಕೆ ಆರು ತಿಂಗಳ ನೋ ಕಾಸ್ಟ್ ಇಎಂಐ ಮಾಡ್ಕೊಡ್ತೀವಿ ಅಂತಾರೆ ಅಂಗಡಿಯವರು. ಮನೆಯವಳು ‘ಇರೋ ಫೋನಿಗೇನಾಗಿದೆ’ ಅಂತಾಳೆ. ಅಮೆರಿಕದಲ್ಲಿರೋ ಭಾವ ಊರಿಗೆ ಬರೋರಿದ್ದಾರೆ, ಅವರ ಕೈಲಿ ತರಿಸಿದ್ರೆ ಹೇಗೆ? – ದಾವಣಗೆರೆಯ ಓದುಗರು

ಉತ್ತರ: ನೀವು ಬರೆದಿರುವ ಮೂರು ತೊಂದರೆಗಳಲ್ಲಿ ಒಂದು ಬ್ಯಾಟರಿಯದು, ಇನ್ನೊಂದು ಸ್ಟೋರೇಜಿನದು. ಮೂರನೆಯದು, ಕ್ಯಾಮೆರಾ ತಡವಾಗಿ ತೆರೆಯುವುದು, ಬಹುಮಟ್ಟಿಗೆ ಈ ಎರಡರಿಂದಲೇ ಹುಟ್ಟಿದ್ದು. ಹಾಗಾಗಿ ಫೋನ್ ಮುದಿಯಾಗಿದೆ ಅನ್ನುವ ತೀರ್ಮಾನಕ್ಕೆ ಈಗಲೇ ಬರಬೇಡಿ. ಮೊದಲು ಸ್ಟೋರೇಜ್ ಖಾಲಿ ಮಾಡಿ, ಆಮೇಲೆ ಬ್ಯಾಟರಿ ಬದಲಿಸಿ, ಮೂರು ವಾರ ಬಳಸಿ ನೋಡಿ. ಅಷ್ಟಾದ ಮೇಲೂ 17 ಬೇಕು ಅನ್ನಿಸಿದರೆ ಅದಕ್ಕೆ ಸರಿಯಾದ ಕಾರಣಗಳೂ ಇವೆ. ಅವು ಯಾವುವು ಅಂತ ಮುಂದೆ ಹೇಳಿದ್ದೇನೆ.

ಬ್ಯಾಟರಿಯ ಮಾತು

79% ಅಂದರೆ ಹೊಸದರಲ್ಲಿ 100 ಹಿಡಿಯುತ್ತಿದ್ದ ಬ್ಯಾಟರಿ ಈಗ 79 ಮಾತ್ರ ಹಿಡಿಯುತ್ತದೆ. ಐಫೋನ್ 13ಕ್ಕೆ ಆಪಲ್ ಹೇಳುವ ವಿಡಿಯೊ ಪ್ಲೇಬ್ಯಾಕ್ ಅವಧಿ 19 ಗಂಟೆ. ನಿಮ್ಮದರಲ್ಲಿ ಅದು 15ಕ್ಕೆ ಇಳಿದಿದೆ ಅಂತಿಟ್ಟುಕೊಳ್ಳಿ. ಇದು ಫೋನಿನ ದೋಷವೇನಲ್ಲ. ಐಫೋನ್ 14 ಮತ್ತು ಅದಕ್ಕಿಂತ ಹಿಂದಿನ ಮಾದರಿಗಳ ಬ್ಯಾಟರಿಯನ್ನು 500 ಪೂರ್ಣ ಚಾರ್ಜ್ ಸೈಕಲ್ ಕಳೆದಾಗ 80% ಉಳಿಯುವಂತೆ ರೂಪಿಸಲಾಗಿದೆ. 15ರಿಂದ ಮುಂದಿನವಕ್ಕೆ ಈ ಲೆಕ್ಕ 1,000 ಸೈಕಲ್. ಒಂದು ಸೈಕಲ್ ಅಂದರೆ ಒಂದು ಸಲ ಚಾರ್ಜರ್ ಚುಚ್ಚಿದ್ದು ಅಂತಲ್ಲ, ಒಟ್ಟು ಸೇರಿ 100% ಖರ್ಚಾಗಿದ್ದು. ಇವತ್ತು 60, ನಾಳೆ 40 ಬಳಸಿದರೆ ಎರಡು ದಿನಕ್ಕೆ ಒಂದು ಸೈಕಲ್. ಮೂರು ವರ್ಷದ ಬಳಕೆಗೆ 79% ತೀರಾ ಸಹಜ, ಹಾಗೆ ನೋಡಿದರೆ ನೀವು ಚೆನ್ನಾಗಿಯೇ ಇಟ್ಟುಕೊಂಡಿದ್ದೀರಿ.

ಶೇಕಡಾವಾರಿಗಿಂತ ಮುಖ್ಯವಾದದ್ದು ಇನ್ನೊಂದಿದೆ. ಬ್ಯಾಟರಿ ಹಳತಾದಂತೆ ಅದರ ಒಳಗಿನ ರೋಧ ಹೆಚ್ಚುತ್ತದೆ. ಕ್ಯಾಮೆರಾ ತೆರೆದ ಕ್ಷಣದಲ್ಲಿ ಸೆನ್ಸರ್, ಪರದೆ, ಪ್ರೊಸೆಸರ್ ಎಲ್ಲವೂ ಒಟ್ಟಿಗೆ ಕರೆಂಟ್ ಎಳೆಯುತ್ತವೆ, ಆಗ ವೋಲ್ಟೇಜ್ ಒಮ್ಮೆಲೇ ಕುಸಿಯಬಹುದು. ಚಾರ್ಜ್ 20%ಗಿಂತ ಕೆಳಗಿದ್ದಾಗ ಈ ಕುಸಿತ ಇನ್ನೂ ಜೋರು. ಕುಸಿತ ಮಿತಿ ಮೀರಿ ಫೋನ್ ಒಮ್ಮೆ ತಾನಾಗಿ ಆಫ್ ಆಯಿತೆಂದರೆ, ಆಮೇಲೆ ಐಫೋನ್ ನಡೆಸುವ ಸಾಫ್ಟ್‌ವೇರ್ ಐಓಎಸ್ ಪ್ರೊಸೆಸರ್ ವೇಗಕ್ಕೇ ಕಡಿವಾಣ ಹಾಕುತ್ತದೆ. ನಿಮ್ಮದರಲ್ಲಿ ಹಾಗಾಗಿದೆಯೋ ಇಲ್ಲವೋ ನೋಡಿಕೊಳ್ಳಿ: ಸೆಟ್ಟಿಂಗ್ಸ್, ಬ್ಯಾಟರಿ, ಅದರೊಳಗೆ ಬ್ಯಾಟರಿ ಹೆಲ್ತ್. ಅಲ್ಲಿ ಪರ್ಫಾರ್ಮೆನ್ಸ್ ಮ್ಯಾನೇಜ್‌ಮೆಂಟ್ ಜಾರಿಯಲ್ಲಿದೆ ಅನ್ನುವ ಮಾತು ಕಂಡರೆ ನಿಧಾನದ ಮೂಲ ಅರ್ಧ ಸಿಕ್ಕಂತೆ. ಬ್ಯಾಟರಿ ಬದಲಿಸಿದ ಕೂಡಲೇ ಆ ಕಡಿವಾಣ ಹೋಗುತ್ತದೆ.

ಬದಲಿಸಲು ಎಷ್ಟಾಗುತ್ತದೆ? ಆಪಲ್ ಜಾಲತಾಣದ ಬ್ಯಾಟರಿ ಸೇವೆಯ ಪುಟದಲ್ಲಿ ನಿಮ್ಮ ಮಾದರಿ ಆರಿಸಿದರೆ ಅಂದಾಜು ದರ ಬರುತ್ತದೆ. ಬಜೆಟ್ಟಿನಲ್ಲಿ 10,000 ರೂಪಾಯಿ ತೆಗೆದಿಟ್ಟುಕೊಳ್ಳಿ. ಇದಕ್ಕಾಗಿ ಹೆಬ್ಬಾಳದ ಮಾಲ್‌ನಲ್ಲಿರುವ ಆಪಲ್ ಸ್ಟೋರ್‌ವರೆಗೆ ಹೋಗಬೇಕಾಗಿಲ್ಲ, ಅಧಿಕೃತ ಸರ್ವಿಸ್ ಸೆಂಟರ್ ಯಾವುದಾದರೂ ಆದೀತು. ಒಂದು ಷರತ್ತು ನೆನಪಿರಲಿ. ಪರದೆ ಒಡೆದಿದ್ದು ಅದರಿಂದ ಬ್ಯಾಟರಿ ಬದಲಿಸಲು ಅಡ್ಡಿಯಾಗುವಂತಿದ್ದರೆ, ಮೊದಲು ಪರದೆ ಸರಿಮಾಡಿಸಿ ಅನ್ನುತ್ತಾರೆ. ಪರದೆಯ ದರ ಬ್ಯಾಟರಿಗಿಂತ ಬಹಳ ಹೆಚ್ಚು. ನಿಮ್ಮ ಪರದೆಯಲ್ಲಿ ಬಿರುಕಿದ್ದರೆ ಈ ಉತ್ತರದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಎರಡೂ ಸೇರಿ 25,000 ದಾಟುವುದಾದರೆ ಹಳೆಯದಕ್ಕೆ ದುಡ್ಡು ಸುರಿಯುವುದು ಬೇಡ.

ಮಾರ್ಕೆಟ್ಟಿನ ಮೊಬೈಲ್ ಅಂಗಡಿಯಲ್ಲಿ ಮೂರನೇ ಒಂದು ಭಾಗದ ದರಕ್ಕೆ ಹಾಕಿಕೊಡುತ್ತಾರೆ ನಿಜ. ಎಲ್ಲರೂ ಕೆಟ್ಟ ಕೆಲಸ ಮಾಡುತ್ತಾರೆ ಅಂತ ನಾನು ಹೇಳಲಾರೆ. ಆದರೆ ಮೂರು ಕಡೆ ಏಟು ಬೀಳುತ್ತದೆ. ಒಂದನೆಯದು, ಅಸಲಿ ಅಲ್ಲದ ಬ್ಯಾಟರಿ ಹಾಕಿದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಪುಟದ ಪಾರ್ಟ್ಸ್ ಅಂಡ್ ಸರ್ವಿಸ್ ಹಿಸ್ಟರಿಯಲ್ಲಿ ‘ಅನ್‌ನೋನ್ ಪಾರ್ಟ್’ ಅಂತ ಅಚ್ಚಾಗುತ್ತದೆ. ನಾಳೆ ಮಾರಲು ಹೋದಾಗ ಕೊಳ್ಳುವವನು ಮೊದಲು ನೋಡುವುದೇ ಆ ಪುಟ. ಎರಡನೆಯದು, ಪರದೆಯ ಸುತ್ತ ನೀರು ತಡೆಯುವ ತೆಳುವಾದ ಅಂಟುಪಟ್ಟಿ ಇರುತ್ತದೆ. ಫೋನ್ ಬಿಚ್ಚಿದಾಗ ಅದು ಹರಿದುಹೋಗುತ್ತದೆ, ಹೊಸದು ಹಾಕದೆ ಹಾಗೇ ಮುಚ್ಚಿದರೆ ಐಪಿ68 ಅನ್ನುವ ನೀರು, ಧೂಳು ತಡೆಯುವ ದರ್ಜೆ ಬರೀ ಹೆಸರಿಗೆ. ಹಾಲಿನ ಬಾಟಲಿ, ನೀರಿನ ಲೋಟ ಓಡಾಡುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಮೂರನೆಯದು, ಬ್ಯಾಟರಿಯ ಕೆಳಗಿನ ಅಂಟುಪಟ್ಟಿಯನ್ನು ಮೆಲ್ಲಗೆ ಎಳೆದು ತೆಗೆಯಬೇಕು. ಅದು ತುಂಡಾದಾಗ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಬ್ಯಾಟರಿಗೆ ತೂತು ಬಿದ್ದು ಬೆಂಕಿ ಹತ್ತಿಕೊಳ್ಳುವ ಅಪಾಯವೂ ಇದೆ. ‘ಹೈ ಕೆಪಾಸಿಟಿ’ ಅಂತ ದೊಡ್ಡ ಅಂಕಿ ಬರೆದ ಬ್ಯಾಟರಿ ತೋರಿಸಿದರೆ ಮೇಲೆದ್ದು ಬನ್ನಿ. ಅಷ್ಟೇ ಜಾಗದಲ್ಲಿ ಅಷ್ಟು ಹೆಚ್ಚು ತುಂಬಲಾಗುವುದಿಲ್ಲ.

ಹೊಸ ಬ್ಯಾಟರಿ ಬಂದ ಮೇಲೆ ಅದನ್ನು ಬೇಗ ಕೊಲ್ಲುವುದು ಬಿಸಿ. ಆಪಲ್ ಹೇಳುವ ಸುತ್ತಲಿನ ತಾಪಮಾನದ ಮಿತಿ 35 ಡಿಗ್ರಿ. ನಿಮ್ಮೂರಿನ ಏಪ್ರಿಲ್ ಮಧ್ಯಾಹ್ನ ನೆರಳಲ್ಲೇ ಅದನ್ನು ದಾಟುತ್ತದೆ, ಇನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮ್ಯಾಪ್ ಹಾಕಿ, ಚಾರ್ಜಿಗೂ ಚುಚ್ಚಿ ಇಟ್ಟರೆ ಕೇಳುವುದೇ ಬೇಡ. 80%ಗೇ ಚಾರ್ಜ್ ನಿಲ್ಲಿಸುವ ಮಿತಿಯ ಸೌಲಭ್ಯ 15ರಿಂದ ಮುಂದಿನವಕ್ಕೆ ಮಾತ್ರ ಇದೆ. 13ರಲ್ಲಿ ಆಪ್ಟಿಮೈಸ್ಡ್ ಬ್ಯಾಟರಿ ಚಾರ್ಜಿಂಗ್ ಆನ್ ಇಟ್ಟರೆ ಸಾಕು. ಮನೆಯೊಳಗೆ ಸಿಗ್ನಲ್ ಒಂದೇ ಕಡ್ಡಿ ಇದ್ದರೂ ಬ್ಯಾಟರಿ ಸೋರುತ್ತದೆ, ಯಾಕೆಂದರೆ ಟವರ್ ದೂರವಾದಷ್ಟೂ ಫೋನ್ ಜೋರಾಗಿ ಕೂಗಬೇಕು. ಅಂಥ ಕಡೆ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ.

3 ಜಿಬಿ ಉಳಿದ ಫೋನ್ ನಿಧಾನವಾಗಲೇಬೇಕು

ಒಂದು ಫೋಟೊ ತೆಗೆದಾಗ ಫೋನ್ ಹಲವು ಫ್ರೇಮ್ ಹಿಡಿದು, ಸೇರಿಸಿ, ಒಂದು ಮಾಡಿ ಬರೆಯುತ್ತದೆ. ಅದಕ್ಕೆ ತಾತ್ಕಾಲಿಕ ಜಾಗ ಬೇಕು. ಜಾಗ ಇಲ್ಲದಾಗ ಐಓಎಸ್ ಅತ್ತ ಹಳೆಯ ಕ್ಯಾಶ್ (ಆ್ಯಪ್‌ಗಳು ತಾತ್ಕಾಲಿಕವಾಗಿ ಇಟ್ಟ ಫೈಲುಗಳು) ಅಳಿಸುತ್ತ, ಇತ್ತ ಬರೆಯುತ್ತ ಒದ್ದಾಡುತ್ತದೆ. 13ರಲ್ಲಿ ಇರುವುದು 4 ಜಿಬಿ ರ್‍ಯಾಮ್, ಅದೂ ಈಗಿನ ಕಾಲಕ್ಕೆ ಕಡಿಮೆಯೇ. ಯಾವಾಗಲೂ 10ರಿಂದ 15 ಜಿಬಿ ಖಾಲಿ ಇರಲಿ.

ಅಳಿಸಲು ಶುರು ಮಾಡುವ ಮೊದಲು ಒಂದು ಕೆಲಸ ಕಡ್ಡಾಯ: ಫೋಟೊಗಳ ಇನ್ನೊಂದು ಪ್ರತಿ. ಇಲ್ಲೊಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಐಕ್ಲೌಡ್ ಫೋಟೊಸ್ ಬ್ಯಾಕಪ್ ಅಲ್ಲ, ಅದು ಕನ್ನಡಿ. ಫೋನಿನಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. 30 ದಿನ ‘ರೀಸೆಂಟ್ಲಿ ಡಿಲೀಟೆಡ್’ನಲ್ಲಿ ಕೂತಿದ್ದು ಆಮೇಲೆ ಶಾಶ್ವತವಾಗಿ ಹೋಗುತ್ತದೆ. ‘ಕ್ಲೌಡಲ್ಲಿದೆಯಲ್ಲ’ ಅಂದುಕೊಂಡು ಮಕ್ಕಳ ಮೊದಲ ವರ್ಷದ ಫೋಟೊ ಕಳೆದುಕೊಳ್ಳುವವರು ಹೀಗೇ ಕಳೆದುಕೊಳ್ಳುವುದು. ಐಕ್ಲೌಡ್ ಜಾಗ ಕೊಂಡು ಸೆಟ್ಟಿಂಗ್ಸ್‌ನ ಫೋಟೊಸ್‌ನಲ್ಲಿ ‘ಆಪ್ಟಿಮೈಸ್ ಐಫೋನ್ ಸ್ಟೋರೇಜ್’ ಹಾಕಿದರೆ ಮೂಲ ಚಿತ್ರ ಕ್ಲೌಡಿಗೆ ಹೋಗಿ ಫೋನಿನಲ್ಲಿ ಚಿಕ್ಕ ಪ್ರತಿ ಉಳಿಯುತ್ತದೆ. ಏನೂ ಅಳಿಸದೆ ಜಾಗ ಮಾಡುವ ಸುಲಭ ದಾರಿ ಇದು. ಹಾಗಿದ್ದರೂ ಮನೆಯಲ್ಲೊಂದು ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಇರಲಿ.

ವಿಂಡೋಸ್ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಫೋಟೊ ಎಳೆಯುವಾಗ ಅರ್ಧದಲ್ಲೇ ಡಿವೈಸ್ ಕೆಲಸ ಮಾಡುತ್ತಿಲ್ಲ ಅನ್ನುವ ಎರರ್ ಬಂದು ನಿಲ್ಲುವುದು ಬಹಳ ಜನರಿಗೆ ಆಗುತ್ತದೆ. ಕೇಬಲ್ ಕೆಟ್ಟಿದೆ ಅಂತ ಹೊಸದು ತರಬೇಡಿ. ಸೆಟ್ಟಿಂಗ್ಸ್, ಆ್ಯಪ್ಸ್, ಫೋಟೊಸ್ ಪುಟದ ಕೊನೆಯಲ್ಲಿ ‘ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ’ ಇದೆ. ಅದು ‘ಆಟೊಮ್ಯಾಟಿಕ್’ ಇದ್ದರೆ ಫೋನ್ ಪ್ರತಿ ಫೈಲನ್ನೂ ಹಳೆಯ ನಮೂನೆಗೆ ಬದಲಿಸುತ್ತ ಕಳಿಸುತ್ತದೆ, ಅಲ್ಲೇ ಎಡವುವುದು. ‘ಕೀಪ್ ಒರಿಜಿನಲ್ಸ್’ಗೆ ಬದಲಿಸಿ. ಲೈಟ್ನಿಂಗ್ ಕೇಬಲ್ಲಿನದು ಯುಎಸ್‌ಬಿ 2 ವೇಗ. 60 ಜಿಬಿ ಸಾಗಿಸಲು ಅರ್ಧ ಗಂಟೆಗಿಂತ ಹೆಚ್ಚೇ ಹಿಡಿಯುತ್ತದೆ, ಊಟಕ್ಕೆ ಮುಂಚೆ ಹಚ್ಚಿಟ್ಟುಬಿಡಿ. ಒಂದು ಎಚ್ಚರಿಕೆ: ಆಪ್ಟಿಮೈಸ್ ಮೊದಲೇ ಆನ್ ಆಗಿದ್ದರೆ ಫೋನಿನಲ್ಲಿ ಮೂಲ ಚಿತ್ರಗಳೇ ಇರುವುದಿಲ್ಲ, ಕೇಬಲ್ಲಿನಲ್ಲಿ ಬರುವುದೂ ಇಲ್ಲ. ಆದ್ದರಿಂದ ಲ್ಯಾಪ್‌ಟಾಪಿಗೆ ಇಳಿಸುವುದು ಮೊದಲು, ಆಪ್ಟಿಮೈಸ್ ಆಮೇಲೆ.

ಪ್ರತಿ ಆದ ಮೇಲೆ ವಾಟ್ಸ್‌ಆ್ಯಪ್‌ಗೆ ಬನ್ನಿ. ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್. ಅಲ್ಲಿ ಗ್ರೂಪುಗಳು ತಿಂದ ಜಾಗದ ಕ್ರಮದಲ್ಲಿ ನಿಂತಿರುತ್ತವೆ. ಗುಡ್ ಮಾರ್ನಿಂಗ್ ಗ್ರೂಪುಗಳಲ್ಲೇ ಎಷ್ಟೋ ಜಿಬಿ ಸಿಗುತ್ತದೆ. ಮೀಡಿಯಾ ತಾನಾಗಿ ಫೋಟೊಸ್‌ಗೆ ಸೇರುವುದನ್ನೂ ನಿಲ್ಲಿಸಿ.

ಇನ್ನು ವಿಡಿಯೊ. ಸೆಟ್ಟಿಂಗ್ಸ್, ಕ್ಯಾಮೆರಾ, ರೆಕಾರ್ಡ್ ವಿಡಿಯೊ ಪುಟದಲ್ಲಿ ಆಪಲ್ ತಾನೇ ಲೆಕ್ಕ ಬರೆದಿಟ್ಟಿದೆ: ಒಂದು ನಿಮಿಷಕ್ಕೆ 4ಕೆ (ಅತಿ ಸ್ಪಷ್ಟ ಗುಣಮಟ್ಟ), ಸೆಕೆಂಡಿಗೆ 60 ಫ್ರೇಮ್‌ನಲ್ಲಿ 400 ಎಂಬಿ, 4ಕೆ 30ರಲ್ಲಿ 170 ಎಂಬಿ, 1080ಪಿ 30ರಲ್ಲಿ 60 ಎಂಬಿ. ದಿನಕ್ಕೆ ಐದು ನಿಮಿಷ 4ಕೆ 60ರಲ್ಲಿ ತೆಗೆದರೆ ತಿಂಗಳಿಗೆ 60 ಜಿಬಿ. ಆ ವೇಗದಲ್ಲಿ 17ರ 256 ಜಿಬಿಯೂ ನಾಲ್ಕು ತಿಂಗಳಲ್ಲಿ ತುಂಬುತ್ತದೆ, ಅಂದರೆ ಹೊಸ ಫೋನಿನಲ್ಲೂ ಇದೇ ಪತ್ರ ಬರೆಯಬೇಕಾಗುತ್ತದೆ. ಮಗುವಿಗೆ 4ಕೆ 30 ಧಾರಾಳ. ಹುಟ್ಟುಹಬ್ಬ, ಮೊದಲ ಹೆಜ್ಜೆ ಇಂಥದ್ದಕ್ಕೆ ಮಾತ್ರ 60ಕ್ಕೆ ಏರಿಸಿ. ಲೈವ್ ಫೋಟೊ ಆನ್ ಇದ್ದರೆ ಪ್ರತಿ ಚಿತ್ರದ ಬೆನ್ನಿಗೂ ಮೂರು ಸೆಕೆಂಡಿನ ವಿಡಿಯೊ ಅಂಟಿಕೊಂಡು ಬರುತ್ತದೆ. ಅದು ಬೇಡವಾದರೆ ಕ್ಯಾಮೆರಾ ಸೆಟ್ಟಿಂಗ್ಸ್‌ನ ‘ಪ್ರಿಸರ್ವ್ ಸೆಟ್ಟಿಂಗ್ಸ್’ನಲ್ಲಿ ಲೈವ್ ಫೋಟೊ ಆನ್ ಮಾಡಿ, ಆಮೇಲೆ ಕ್ಯಾಮೆರಾದಲ್ಲಿ ಅದನ್ನು ಆಫ್ ಮಾಡಿ. ಹೀಗೆ ಮಾಡದಿದ್ದರೆ ಪ್ರತಿ ಸಲ ತೆರೆದಾಗಲೂ ಅದು ಮತ್ತೆ ಹಾಜರಾಗುತ್ತದೆ.

ನಗು ತಪ್ಪಿಹೋಗುವುದಕ್ಕೆ: ಅನ್‌ಲಾಕ್ ಮಾಡಿ ಐಕಾನ್ ಹುಡುಕಬೇಡಿ. ಲಾಕ್ ಸ್ಕ್ರೀನನ್ನು ಬಲದಿಂದ ಎಡಕ್ಕೆ ಎಳೆದರೆ ಕ್ಯಾಮೆರಾ ನೇರ ತೆರೆಯುತ್ತದೆ. ಶಟರ್ ಬಟನ್ ಒತ್ತಿ ಎಡಕ್ಕೆ ಎಳೆದು ಹಿಡಿದರೆ ಸಾಲುಸಾಲು ಚಿತ್ರ ಬರುತ್ತದೆ, ಸುಮ್ಮನೆ ಒತ್ತಿ ಹಿಡಿದರೆ ವಿಡಿಯೊ ಶುರುವಾಗುತ್ತದೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಪ್ರಯಾರಿಟೈಸ್ ಫಾಸ್ಟರ್ ಶೂಟಿಂಗ್’ ಆನ್ ಇರಲಿ. ಚಿತ್ರ ಅಲುಗಿ ಮಸುಕಾಗುತ್ತಿದ್ದರೆ ಅದು ಬೆಳಕಿನ ಕೊರತೆ. ರಾತ್ರಿ ಒಂದೇ ಬಲ್ಬಿನ ಕೋಣೆಯಲ್ಲಿ ಓಡಾಡುವ ಮಗುವನ್ನು ಯಾವ ಫೋನೂ ಸ್ಪಷ್ಟವಾಗಿ ಹಿಡಿಯಲಾರದು, ಹಗಲು ಕಿಟಕಿಯ ಪಕ್ಕ 13 ಇವತ್ತಿಗೂ ಸೊಗಸಾಗಿ ಹಿಡಿಯುತ್ತದೆ. ಲೆನ್ಸ್ ಒರೆಸಿ ಅನ್ನುವುದು ಹೇಳುವ ಮಾತೇ ಅಲ್ಲ, ಆದರೂ ಮಗು ಮುಟ್ಟುವ ಫೋನಾದ್ದರಿಂದ ಹೇಳುತ್ತಿದ್ದೇನೆ.

17ರಲ್ಲಿ ನಿಮಗೆ ನಿಜಕ್ಕೂ ಸಿಗುವುದೇನು

ಸೆಪ್ಟೆಂಬರ್ 2025ರಲ್ಲಿ ಬಂದ ಐಫೋನ್ 17 ಒಳ್ಳೆಯ ಫೋನ್, ಅದರಲ್ಲಿ ಎರಡು ಮಾತಿಲ್ಲ. 256 ಜಿಬಿಗೆ 82,900 ರೂಪಾಯಿ. 13 ಬಿಡುಗಡೆಯಾದಾಗ 128 ಜಿಬಿಗೇ 79,900 ಇತ್ತು ಅನ್ನುವುದನ್ನು ನೆನೆದರೆ ಬೆಲೆ ವಿಪರೀತ ಏರಿಲ್ಲ. ಮೂಲ ಮಾದರಿಗೂ 120 ಹರ್ಟ್ಜ್ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ) ಪರದೆ ಕೊಟ್ಟಿರುವುದು ಇದೇ ಮೊದಲು. ಬೆರಳಾಡಿಸಿದಾಗ ವ್ಯತ್ಯಾಸ ಮೊದಲ ನಿಮಿಷದಲ್ಲೇ ಕಾಣುತ್ತದೆ, ಎರಡನೇ ವಾರಕ್ಕೆ ಮರೆತುಹೋಗುತ್ತದೆ. ಮರೆಯಲಾಗದ್ದು ಬಿಸಿಲಲ್ಲಿ ಪರದೆ ಕಾಣುವ ರೀತಿ: ಹೊರಾಂಗಣದಲ್ಲಿ ಗರಿಷ್ಠ 3,000 ನಿಟ್ಸ್ (ಹೊಳಪಿನ ಅಳತೆ). 13ರ ಸಾಮಾನ್ಯ ಗರಿಷ್ಠ 800. ಗದ್ದೆ, ಸೈಟು, ಬೈಕಿನ ಮೇಲೆ ಫೋನ್ ನೋಡುವ ಕೆಲಸ ನಿಮ್ಮದಾದರೆ ಇದಕ್ಕೆ ಹೆಚ್ಚು ಅಂಕ ಕೊಡಿ.

ವಿಡಿಯೊ ಪ್ಲೇಬ್ಯಾಕ್ 30 ಗಂಟೆ. ನಿಮ್ಮ ಈಗಿನ ಬ್ಯಾಟರಿಗೆ ಹೋಲಿಸಿದರೆ ಎರಡರಷ್ಟು. ಆದರೆ ಹೋಲಿಕೆ ಸರಿಯಾಗಿರಬೇಕಾದರೆ ಹೊಸ ಬ್ಯಾಟರಿ ಹಾಕಿದ 13ರ 19 ಗಂಟೆಯ ಎದುರು ಇಡಬೇಕು. ಆಗಲೂ 17 ಮುಂದೆಯೇ ಇದೆ, ಆದರೆ ನಿಮಗೆ ಬೇಕಾದದ್ದು ಬೆಳಗ್ಗೆಯಿಂದ ರಾತ್ರಿವರೆಗಿನ ಒಂದು ದಿನವಷ್ಟೆ. ಚಾರ್ಜಿಂಗ್ 20 ನಿಮಿಷಕ್ಕೆ 50% ಅಂತಾರೆ. ಅದಕ್ಕೆ 40 ವ್ಯಾಟ್ ಅಥವಾ ಹೆಚ್ಚಿನ ಅಡಾಪ್ಟರ್ ಬೇಕು, ಡಬ್ಬಿಯಲ್ಲಿ ಅಡಾಪ್ಟರ್ ಬರುವುದಿಲ್ಲ. ಚಾರ್ಜಿಂಗ್ ಕಿಂಡಿ ಟೈಪ್ ಸಿ. ಮನೆಯವರೆಲ್ಲರ ಆಂಡ್ರಾಯ್ಡ್ ಚಾರ್ಜರ್ ಇದಕ್ಕೂ ಆಗುತ್ತದೆ ಅನ್ನುವುದು ಚಿಕ್ಕದಾದರೂ ದಿನಾ ಸಿಗುವ ನೆಮ್ಮದಿ.

ಕ್ಯಾಮೆರಾದಲ್ಲಿ ಹಿಂದಿನ ಎರಡೂ 48 ಮೆಗಾಪಿಕ್ಸೆಲ್. ದೂರದ್ದನ್ನು ಹತ್ತಿರ ತರುವ ಟೆಲಿಫೋಟೊ ಲೆನ್ಸ್ ಇಲ್ಲ. 2ಎಕ್ಸ್ ಅನ್ನುವುದು ದೊಡ್ಡ ಸೆನ್ಸರಿನ ನಡುಭಾಗ ಕತ್ತರಿಸಿದ್ದು, ಆದರೂ 13ರ ಡಿಜಿಟಲ್ ಜೂಮಿಗಿಂತ ಎಷ್ಟೋ ಮೇಲು. ಅಲ್ಟ್ರಾವೈಡ್‌ನಲ್ಲಿ ಮ್ಯಾಕ್ರೊ ಇದೆ, ಮಗುವಿನ ಪುಟ್ಟ ಬೆರಳು, ರೆಪ್ಪೆ ಹತ್ತಿರದಿಂದ ತೆಗೆಯಬಹುದು. ನನ್ನ ಲೆಕ್ಕದಲ್ಲಿ ನಿಮ್ಮಂಥವರಿಗೆ ದೊಡ್ಡ ಬದಲಾವಣೆ ಮುಂದಿನ (ಸೆಲ್ಫಿ) ಕ್ಯಾಮೆರಾದ್ದು. 13ರ ಮುಂದಿನ ಕ್ಯಾಮೆರಾಕ್ಕೆ ಆಟೊಫೋಕಸ್ಸೇ ಇಲ್ಲ. 17ರಲ್ಲಿ ಅದು ಇದೆ, ಜೊತೆಗೆ ಸೆನ್ಸರ್ ಚೌಕಾಕಾರ. ಹಾಗಾಗಿ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫೋನ್ ನೆಟ್ಟಗೆ ಹಿಡಿದೇ ಅಡ್ಡ ಚಿತ್ರ ತೆಗೆಯಬಹುದು. ಮುಂದಿನ, ಹಿಂದಿನ ಕ್ಯಾಮೆರಾ ಎರಡರಲ್ಲೂ ಒಟ್ಟಿಗೆ ವಿಡಿಯೊ ಮಾಡುವ ಸೌಲಭ್ಯವೂ ಇದೆ.

ಕಾರಣವಲ್ಲದ ಕಾರಣಗಳನ್ನೂ ಹೇಳಿಬಿಡುತ್ತೇನೆ. 5ಜಿ ನಿಮ್ಮ 13ರಲ್ಲೇ ಇದೆ, ಡಿಸೆಂಬರ್ 2022ರ ಐಓಎಸ್ 16.2 ಬಂದಾಗಿನಿಂದ ಜಿಯೊ, ಏರ್‌ಟೆಲ್ ಎರಡರಲ್ಲೂ ಓಡುತ್ತಿದೆ. ಆಪಲ್‌ನ ಎಐ ಸೌಲಭ್ಯವಾದ ಆಪಲ್ ಇಂಟೆಲಿಜೆನ್ಸ್ 13ಕ್ಕೆ ಬರುವುದಿಲ್ಲ ನಿಜ, ಆದರೆ 17 ಬಿಡುಗಡೆಯಾದಾಗ ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಅದಕ್ಕಾಗಿ ಫೋನ್ ಬದಲಿಸುವ ಅವಸರ ಬೇಡ. ‘ಅಪ್‌ಡೇಟ್ ನಿಂತುಹೋಗುತ್ತೆ’ ಅನ್ನುವುದು ಅಂಗಡಿಯ ಮಾತು. ಐಓಎಸ್ 26 ಐಫೋನ್ 11ರಿಂದಲೇ ಓಡುತ್ತದೆ. 2018ರ ಐಫೋನ್ ಎಕ್ಸ್‌ಎಸ್‌ಗೆ 12ರಿಂದ 18ರವರೆಗೆ ಏಳು ಆವೃತ್ತಿ ಸಿಕ್ಕಿದವು. ಅದೇ ಅಳತೆ ಹಿಡಿದರೆ ನಿಮ್ಮದಕ್ಕೆ 2028ರ ಸೆಪ್ಟೆಂಬರ್‌ವರೆಗೆ ಭಯವಿಲ್ಲ. ಇದು ಆಪಲ್ ಬರೆದುಕೊಟ್ಟದ್ದಲ್ಲ, ಹಿಂದಿನ ನಡೆ ನೋಡಿ ಮಾಡಿದ ಅಂದಾಜು. ಐಓಎಸ್ 26ರ ಗಾಜಿನಂಥ ವಿನ್ಯಾಸದಿಂದ 13 ಭಾರವಾದಂತೆ ಅನ್ನಿಸಿದರೆ ಆ್ಯಕ್ಸೆಸಿಬಿಲಿಟಿಯ ಡಿಸ್‌ಪ್ಲೇ ವಿಭಾಗದಲ್ಲಿ ‘ರಿಡ್ಯೂಸ್ ಟ್ರಾನ್ಸ್‌ಪರೆನ್ಸಿ’ ಆನ್ ಮಾಡಿ.

ನಡುವೆ ಇರುವ ಐಫೋನ್ 16 ಹೇಗೆ ಅಂತಲೂ ಕೇಳುವವರಿದ್ದಾರೆ. 17 ಬಂದ ಮೇಲೆ ಅದರ ಪಟ್ಟಿ ಬೆಲೆ 69,900ಕ್ಕೆ ಇಳಿಯಿತು, ಆದರೆ ಅದು 128 ಜಿಬಿ ಮತ್ತು 60 ಹರ್ಟ್ಜ್. ಸ್ಟೋರೇಜೇ ಸಾಲದೆ ಬಂದಿರುವ ನಿಮಗೆ 13,000 ಉಳಿಸಲು ಮತ್ತೆ 128ಕ್ಕೇ ಹೋಗುವುದು ಹಿಡಿಸುವುದಿಲ್ಲ. ಸೇಲ್‌ನಲ್ಲಿ ಅಂತರ 25,000 ದಾಟಿದರೆ ಬೇರೆ ಮಾತು.

ಲೆಕ್ಕ ಹೀಗೆ ಹಾಕಿ

‘ಹಳೇದು ಇಟ್ಟುಕೊಂಡರೆ ಖರ್ಚಿಲ್ಲ’ ಅನ್ನುವುದು ಸರಿಯಲ್ಲ. ಇವತ್ತು 20,000 ಬಾಳುವ ಫೋನ್ ಎರಡು ವರ್ಷದ ನಂತರ 8,000ಕ್ಕೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ಇಳಿದದ್ದು 12,000, ಬ್ಯಾಟರಿಗೆ 10,000, ಒಟ್ಟು 22,000. ವರ್ಷಕ್ಕೆ 11,000 ಬಿತ್ತು. ಈಗ 17: ಫೋನ್ 82,900, ಅಡಾಪ್ಟರ್, ಕವರ್, ಗ್ಲಾಸಿಗೆ 3,000. ಐದು ವರ್ಷ ಬಳಸಿ 15,000ಕ್ಕೆ ಮಾರಿದರೆ ತಗುಲಿದ್ದು 70,900, ವರ್ಷಕ್ಕೆ ಸುಮಾರು 14,200. ಇದರಲ್ಲಿ ಎಕ್ಸ್‌ಚೇಂಜಿನ 20,000 ಕಳೆದಿಲ್ಲ, ಯಾಕೆಂದರೆ ಅದು ನಿಮ್ಮದೇ ಆಸ್ತಿ, ಅಂಗಡಿಯವರ ದಾನವಲ್ಲ.

ಅಂತರ ವರ್ಷಕ್ಕೆ ಬರೀ 3,200 ಮಾತ್ರವಾ ಅಂತ ಅಚ್ಚರಿಯಾಗಬಹುದು. ಅದು ಐದು ವರ್ಷ ಇಟ್ಟುಕೊಂಡರೆ ಮಾತ್ರ. ಮೂರೇ ವರ್ಷಕ್ಕೆ 30,000ಕ್ಕೆ ಮಾರಿ ಮುಂದಿನದಕ್ಕೆ ಹೋದರೆ ವರ್ಷಕ್ಕೆ 18,600 ಆಗುತ್ತದೆ. ಇನ್ನೊಂದು ಬದಿಯಿಂದ ನೋಡಿ: ಇವತ್ತು 17ಕ್ಕೆ ಕೈಬಿಡುವ ದುಡ್ಡು 62,900, ಬ್ಯಾಟರಿಗಾದರೆ 10,000. ಉಳಿದ 52,900 ಆರೂವರೆ ಶೇಕಡಾ ಬಡ್ಡಿಯ ಎಫ್‌ಡಿಯಲ್ಲಿದ್ದರೆ ವರ್ಷಕ್ಕೆ 3,400 ಹುಟ್ಟುತ್ತದೆ. ಅದನ್ನೂ ಸೇರಿಸಿದರೆ ಅಂತರ 6,600. ಎರಡು ವರ್ಷ ತಳ್ಳಿದರೆ ಆಗಿನ ಹೊಸ ಫೋನ್ ಸಿಗುತ್ತದೆ, ಅದರ ಅಪ್‌ಡೇಟ್ ಅಷ್ಟೂ ವರ್ಷ ಮುಂದಕ್ಕೆ ಹೋಗುತ್ತದೆ. ನಿಮ್ಮ ಮನೆಯವರ ಮಾತಿನಲ್ಲಿ ತೂಕವಿದೆ ಅನ್ನುವುದು ಇದಕ್ಕೇ.

ನೋ ಕಾಸ್ಟ್ ಇಎಂಐನಲ್ಲಿ ಬಡ್ಡಿ ಇಲ್ಲ ಅಂತಲ್ಲ. ಬಡ್ಡಿಯಷ್ಟು ಮೊತ್ತವನ್ನು ಮೊದಲೇ ಡಿಸ್ಕೌಂಟ್ ಅಂತ ಕಳೆಯುತ್ತಾರೆ, ಬ್ಯಾಂಕ್ ಅದನ್ನು ಬಡ್ಡಿಯಾಗಿ ವಾಪಸ್ ವಸೂಲು ಮಾಡುತ್ತದೆ. ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಿಮ್ಮ ತಲೆಗೆ. 62,900ಕ್ಕೆ, ವರ್ಷಕ್ಕೆ 16% ದರದಲ್ಲಿ ಆರು ಕಂತಾದರೆ ಬಡ್ಡಿ ಸುಮಾರು 2,840, ಅದರ ಜಿಎಸ್‌ಟಿ ಸುಮಾರು 510, ಮೇಲೆ ಪ್ರೊಸೆಸಿಂಗ್ ಫೀ ಮತ್ತು ಅದರ ಜಿಎಸ್‌ಟಿ. ದೊಡ್ಡ ಮೊತ್ತವಲ್ಲ. ನಿಜವಾದ ನಷ್ಟ ಇನ್ನೊಂದು: ಪೂರ್ತಿ ಹಣ ಕೊಟ್ಟರೆ ಸಿಗುವ ಡಿಸ್ಕೌಂಟ್ ಇಎಂಐಗೆ ಸಿಗದಿರಬಹುದು. ಒಂದೇ ಪ್ರಶ್ನೆ ಕೇಳಿ: ‘ಎಕ್ಸ್‌ಚೇಂಜೂ ಬೇಡ, ಇಎಂಐಯೂ ಬೇಡ, ಇವತ್ತೇ ಕ್ಯಾಶ್ ಕೊಟ್ರೆ ಎಷ್ಟಕ್ಕೆ ಬಿಡ್ತೀರಾ?’ ಆ ಅಂಕಿ 82,900ಕ್ಕಿಂತ 5,000 ಕಡಿಮೆ ಬಂದರೆ, ನಿಮ್ಮ 13ಕ್ಕೆ ಅವರು ಕೊಡುತ್ತಿರುವುದು 20,000 ಅಲ್ಲ, 15,000. ಅದನ್ನು ಹಿಡಿದುಕೊಂಡು ಹೊರಗೆ ಬೆಲೆ ವಿಚಾರಿಸಿ.

ಭಾವನ ಕೈಲಿ ತರಿಸುವುದು

ಬೇಡ. ಅಮೆರಿಕದಲ್ಲಿ 799 ಡಾಲರ್ ಅನ್ನುವುದು ತೆರಿಗೆಗೆ ಮುಂಚಿನ ಬೆಲೆ, ರಾಜ್ಯದ ಮಾರಾಟ ತೆರಿಗೆ ಬೇರೆ. ನಮ್ಮ 82,900ರಲ್ಲಿ 18% ಜಿಎಸ್‌ಟಿ ಸೇರಿದೆ. ಹಣಕ್ಕಿಂತ ತೊಂದರೆ ಸಿಮ್‌ನದು. ಐಫೋನ್ 14ರಿಂದ ಅಮೆರಿಕದ ಮಾದರಿಗಳಿಗೆ ಸಿಮ್ ಟ್ರೇ ಇಲ್ಲ, ಫೋನಿನೊಳಗೇ ಇರುವ ಇ–ಸಿಮ್ ಮಾತ್ರ. ಇಲ್ಲಿ ಮಾರುವ 17ಕ್ಕೆ ನ್ಯಾನೊ ಸಿಮ್ ಕೂಡ ಹಾಕಬಹುದು. ಫೋನ್ ಕೆಟ್ಟು ರಿಪೇರಿಗೆ ಹೋದ ದಿನ ಸಿಮ್ ತೆಗೆದು ಹಳೆಯ ಫೋನಿಗೆ ಹಾಕುವ ಅನುಕೂಲ ಅಮೆರಿಕದ ಮಾದರಿಯಲ್ಲಿ ಇರುವುದಿಲ್ಲ. ಓಟಿಪಿ ಇಲ್ಲದೆ ಒಂದು ದಿನವೂ ನಡೆಯದ ನಮ್ಮೂರಲ್ಲಿ ಇದು ದೊಡ್ಡ ಮಾತು. ಅಂದಹಾಗೆ, ಐಫೋನ್ 17 ನಮ್ಮ ದೇವನಹಳ್ಳಿಯಲ್ಲಿರುವ, ಆಪಲ್‌ಗೆ ಫೋನ್ ಜೋಡಿಸಿಕೊಡುವ ಫಾಕ್ಸ್‌ಕಾನ್ ಕಾರ್ಖಾನೆಯಲ್ಲೂ ತಯಾರಾಗುತ್ತದೆ. ಬೆಂಗಳೂರಿನ ಅಂಚಿನಲ್ಲಿ ಜೋಡಿಸಿದ ಫೋನನ್ನು ಅಮೆರಿಕದಿಂದ ತರಿಸಿಕೊಂಡಂತೆಯೂ ಆದೀತು.

ಕೊಳ್ಳುವುದೇ ಆದರೆ, ಹಳೆಯದನ್ನು ಕೈಬಿಡುವ ಮುನ್ನ

ಮೂರು ವಾರದ ನಂತರವೂ ಮುಂದಿನ ಕ್ಯಾಮೆರಾ, ಬಿಸಿಲಿನ ಪರದೆ, 256 ಜಿಬಿ ಈ ಮೂರರಲ್ಲಿ ಎರಡಾದರೂ ನಿಮ್ಮನ್ನು ದಿನಾ ಕಾಡುತ್ತಿದ್ದರೆ, ಮತ್ತು ಐದು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ, ಸಂಕೋಚವಿಲ್ಲದೆ ಕೊಳ್ಳಿ. ಬ್ಯಾಟರಿಗೆ ಹಾಕಿದ ದುಡ್ಡು ಪೂರ್ತಿ ನೀರಿಗೆ ಹೋಗುವುದಿಲ್ಲ. 100% ಹೆಲ್ತ್, ಅಸಲಿ ಬ್ಯಾಟರಿ ಇರುವ 13 ಮನೆಯಲ್ಲಿ ಅಮ್ಮನಿಗೋ ತಮ್ಮನಿಗೋ ಇನ್ನೂ ಕೆಲವು ವರ್ಷ ಬರುತ್ತದೆ.

ಆನ್‌ಲೈನ್ ಎಕ್ಸ್‌ಚೇಂಜಿನಲ್ಲಿ ಡೆಲಿವರಿಯವರು ಹೊಸದನ್ನು ಕೊಟ್ಟು ಹಳೆಯದನ್ನು ಅದೇ ನಿಮಿಷದಲ್ಲಿ ಒಯ್ಯುತ್ತಾರೆ. ಎರಡೂ ಫೋನ್ ಪಕ್ಕಪಕ್ಕ ಇಟ್ಟು ಡೇಟಾ ಸಾಗಿಸಲು ಸಮಯವೇ ಇರುವುದಿಲ್ಲ. ಅದಕ್ಕೊಂದು ಉಪಾಯ: ಸೆಟ್ಟಿಂಗ್ಸ್, ಜನರಲ್, ‘ಟ್ರಾನ್ಸ್‌ಫರ್ ಆರ್ ರೀಸೆಟ್ ಐಫೋನ್’ನಲ್ಲಿ ಮೇಲ್ಗಡೆ ‘ಪ್ರಿಪೇರ್ ಫಾರ್ ನ್ಯೂ ಐಫೋನ್’ ಇದೆ. ಅದರಿಂದ ಐಕ್ಲೌಡ್ ಜಾಗ ಕೊಳ್ಳದಿದ್ದರೂ ಪೂರ್ತಿ ಬ್ಯಾಕಪ್‌ಗೆ ತಾತ್ಕಾಲಿಕ ಜಾಗ ಉಚಿತವಾಗಿ ಸಿಗುತ್ತದೆ, ಬ್ಯಾಕಪ್ 21 ದಿನ ಇರುತ್ತದೆ. ನೂರು ಜಿಬಿ ಅಪ್‌ಲೋಡ್ ಆಗಲು ಮನೆಯ ವೈಫೈನಲ್ಲಿ ಒಂದು ರಾತ್ರಿ ಪೂರ್ತಿ ಬೇಕಾದೀತು, ಎರಡು ದಿನ ಮೊದಲೇ ಶುರು ಮಾಡಿ.

ಬ್ಯಾಂಕ್ ಆ್ಯಪ್, ಯುಪಿಐ ಯಾವುದೂ ಬ್ಯಾಕಪ್‌ನಲ್ಲಿ ಚಾಲೂ ಸ್ಥಿತಿಯಲ್ಲಿ ಬರುವುದಿಲ್ಲ. ಹೊಸ ಫೋನಿನಲ್ಲಿ ಅದೇ ಸಿಮ್‌ನಿಂದ ಎಸ್‌ಎಂಎಸ್ ಹೋಗಿ ಮತ್ತೆ ನೋಂದಣಿ ಆಗಬೇಕು, ಅದಕ್ಕೆ ಸಿಮ್‌ನಲ್ಲಿ ಎಸ್‌ಎಂಎಸ್ ಕಳಿಸುವ ಪ್ಯಾಕ್ ಇರಲಿ. ನೋಂದಣಿಯಾದ ಮೇಲೂ ಆರಂಭದಲ್ಲಿ ವರ್ಗಾವಣೆಯ ಮಿತಿ ಕಡಿಮೆ ಇರುತ್ತದೆ. ಹಾಗಾಗಿ ಬಾಡಿಗೆ, ಫೀಸು ಕಟ್ಟುವ ದಿನ ಫೋನ್ ಬದಲಿಸಬೇಡಿ. ಆಫೀಸಿನ ಲಾಗಿನ್ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಅದನ್ನು ಸಾಗಿಸುವ ಕ್ರಮ ಮೊದಲೇ ಕೇಳಿಕೊಳ್ಳಿ.

ಕೊನೆಯ ಹೆಜ್ಜೆಯನ್ನು ಮನೆಯಲ್ಲೇ ಮಾಡಿ ಮುಗಿಸಿ, ಅಂಗಡಿಯ ಕೌಂಟರಿನಲ್ಲಲ್ಲ. ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’ ಆನ್ ಇದ್ದರೆ, ಪರಿಚಿತ ಜಾಗದಿಂದ ಹೊರಗಿರುವಾಗ ಆಪಲ್ ಅಕೌಂಟಿನಿಂದ ಸೈನ್ ಔಟ್ ಆಗಲು ಒಂದು ಗಂಟೆ ಕಾಯಿಸುತ್ತದೆ. ಕಾಯುವ ತಾಳ್ಮೆ ಕೌಂಟರಿನವರಿಗೂ ಇರುವುದಿಲ್ಲ, ನಿಮಗೂ ಇರುವುದಿಲ್ಲ. *#06# ಒತ್ತಿ ಬರುವ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ಕಳೆದ ಫೋನ್ ಹುಡುಕುವ ‘ಫೈಂಡ್ ಮೈ’ ಆಫ್ ಮಾಡಿ, ಸೈನ್ ಔಟ್ ಆಗಿ, ‘ಇರೇಸ್ ಆಲ್ ಕಂಟೆಂಟ್’ ಕೊಡಿ, ಸಿಮ್ ತೆಗೆಯಿರಿ. ‘ಹಲೋ’ ಪರದೆ ಬಂದರೆ ಮುಗಿಯಿತು. ಅಲ್ಲಿ ನಿಮ್ಮ ಆಪಲ್ ಅಕೌಂಟಿನ ಪಾಸ್‌ವರ್ಡ್ ಕೇಳಿದರೆ ಫೋನನ್ನು ನಿಮ್ಮ ಅಕೌಂಟಿಗೆ ಕಟ್ಟಿಹಾಕುವ ಆ್ಯಕ್ಟಿವೇಷನ್ ಲಾಕ್ ಹೋಗಿಲ್ಲ ಅಂತರ್ಥ. ಅಂಥ ಫೋನನ್ನು ಎಕ್ಸ್‌ಚೇಂಜಿನವರು ವಾಪಸ್ ಕೊಟ್ಟು 20,000ವನ್ನು ಬಿಲ್ಲಿಗೆ ಮತ್ತೆ ಸೇರಿಸುತ್ತಾರೆ. ಕೊಟ್ಟದ್ದಕ್ಕೆ ಐಎಂಇಐ ಇರುವ ರಸೀದಿ ಕೇಳಿ ಪಡೆದು, ಹೊಸ ಫೋನಿನ ಬಿಲ್ಲಿನ ಜೊತೆ ಇಟ್ಟುಕೊಳ್ಳಿ.